ಹೈಡಲ್‌ಬರ್ಗ್ ಪ್ರಶ್ನೋತ್ತರಮಾಲೆಯಲ್ಲಿ ಒಡೆತನದ ಭಾವನೆ

ಯೂರೋಪಿನ ಮತಸುಧಾರಣೆಯ ಕಾಲದಲ್ಲಿ ಹುಟ್ಟಿದ ಗ್ರಂಥಗಳನ್ನು ಇತಿಹಾಸದ ವಿದ್ಯಾರ್ಥಿಗಳು ವಾದಗ್ರಂಥಗಳೆಂದು ಓದುವುದೂ, ಭಕ್ತರು ಅವನ್ನು ಧ್ಯಾನಕ್ಕೆಂದು ಓದುವುದೂ ರೂಢಿಯಾಗಿದೆ. ಈ ಎರಡು ಬಗೆಯ ಓದೂ ಪರಸ್ಪರ ಸಂಧಿಸದೆ ಹೋದುದರಿಂದ ಅನ್ಯಾಯಕ್ಕೊಳಗಾದ ಗ್ರಂಥಗಳಲ್ಲಿ ಹೈಡಲ್‌ಬರ್ಗ್ ಪ್ರಶ್ನೋತ್ತರಮಾಲೆ ಒಂದೆಂದು ನಮ್ಮ ಅಭಿಪ್ರಾಯ. ಇದು ೧೫೬೩ರಲ್ಲಿ ಜರ್ಮನಿಯ ಪಾಲಟಿನೇಟ್ ಸಂಸ್ಥಾನದಲ್ಲಿ ಅಲ್ಲಿಯ ಎಲೆಕ್ಟರ್ ದೊರೆಯಾದ ಮೂರನೆಯ ಫ್ರೆಡರಿಕ್‌ನ ಆಜ್ಞೆಯಂತೆ ಪ್ರಕಟವಾಯಿತು. ೧೨೯ ಪ್ರಶ್ನೆಗಳುಳ್ಳ ಈ ಗ್ರಂಥದ ರಚನೆಯಲ್ಲಿ ಪ್ರಧಾನ ಪಾತ್ರ ಇನ್ನೂ ಮೂವತ್ತು ತುಂಬದ ಪಂಡಿತ ಜಕರಿಯಾಸ್ ಉರ್ಸೀನಸ್‌ನದು.

ಗ್ರಂಥದ ತಿರುಳೆಲ್ಲ ಮೊದಲನೆಯ ಪ್ರಶ್ನೆಯಲ್ಲಿಯೇ ಅಡಗಿದೆ. ಬದುಕಿನಲ್ಲಿಯೂ ಸಾವಿನಲ್ಲಿಯೂ ಮನುಷ್ಯನಿಗೆ ಇರುವ ಏಕೈಕ ಸಾಂತ್ವನ ಯಾವುದೆಂಬುದು ಅಲ್ಲಿಯ ಪ್ರಶ್ನೆ. ಉತ್ತರ ಕೊಡುವ ಭಕ್ತನು ತನ್ನ ದೇಹವಾಗಲಿ ಆತ್ಮವಾಗಲಿ ತನ್ನದಲ್ಲವೆಂದೂ, ತಾನು ಕ್ರಿಸ್ತನಿಗೆ ಸೇರಿದವನೆಂದೂ ಹೇಳಿಕೊಳ್ಳುತ್ತಾನೆ. ಧ್ಯಾನಕ್ಕಾಗಿ ಓದುವವರು ಇದನ್ನು ಹೃದಯದ ಒಂದು ಮೃದುವಾದ ಭಾವವೆಂದು ಗ್ರಹಿಸುತ್ತಾರೆ. ಅದು ತಪ್ಪೆಂದು ನಾವು ಹೇಳುವುದಿಲ್ಲ, ಆದರೆ ಸಾಲದು.

ಏಕೆಂದರೆ ಈ ಉತ್ತರ ಮೊದಲಿಗೇ ಈ ರೂಪದಲ್ಲಿರಲಿಲ್ಲ. ಉರ್ಸೀನಸ್ ಇದಕ್ಕೆ ಮುಂಚೆ ಲ್ಯಾಟಿನ್ ಭಾಷೆಯಲ್ಲಿ ಎರಡು ಪ್ರಶ್ನೋತ್ತರಗಳನ್ನು ಸಿದ್ಧಪಡಿಸಿದ್ದನು, ಒಂದು ದೊಡ್ಡದು, ಒಂದು ಚಿಕ್ಕದು. ಎರಡರಲ್ಲಿಯೂ ಮೊದಲ ಪ್ರಶ್ನೆ ಸಾಂತ್ವನವನ್ನು ಕುರಿತದ್ದೇ. ಆದರೆ ದೊಡ್ಡದರ ಉತ್ತರ ದೇವರು ಮಾನವನೊಡನೆ ಮಾಡಿದ ಕೃಪೆಯ ಒಡಂಬಡಿಕೆಯನ್ನು ಆಧರಿಸಿದೆ. ಚಿಕ್ಕದರ ಉತ್ತರ ಪಾಪಕ್ಷಮೆಯನ್ನು ಆಧರಿಸಿದೆ. ಜರ್ಮನ್ ಭಾಷೆಯಲ್ಲಿ ಸಾಮಾನ್ಯ ಪ್ರಜೆಗಳಿಗಾಗಿ ಹೊರಟ ಗ್ರಂಥದಲ್ಲಿ ಮಾತ್ರ ಒಡೆತನದ ಮಾತು ತಲೆಯೆತ್ತಿ ನಿಂತಿದೆ. ಪ್ರಶ್ನೆ ಅದೇ ಉಳಿದು ಉತ್ತರ ಬದಲಾದುದನ್ನು ವಿಮರ್ಶಕನು ಅಲಕ್ಷ್ಯ ಮಾಡಲಾಗದು.

ಈ ಭಾವನೆ ಉರ್ಸೀನಸ್‌ನ ಸ್ವಂತ ಸೃಷ್ಟಿಯೇನೂ ಅಲ್ಲ. ಅದರ ಮೂಲ ಸಂತ ಪೌಲನ ಪತ್ರಗಳಲ್ಲಿದೆ. ಕ್ಯಾಲ್ವಿನನು ತನ್ನ ‘ಇನ್‌ಸ್ಟಿಟ್ಯೂಟ್ಸ್’ ಗ್ರಂಥದ ಮೂರನೆಯ ಭಾಗದಲ್ಲಿ ಇದನ್ನೇ ವಿಸ್ತರಿಸಿದ್ದಾನೆ. ಆದರೆ ಅಲ್ಲಿ ಅದು ಕರ್ತವ್ಯದ ಪಾಠ: ನಾವು ನಮ್ಮವರಲ್ಲವಾದುದರಿಂದ ನಮ್ಮ ಇಚ್ಛೆಯಂತೆ ನಡೆಯಬಾರದೆಂಬ ತ್ಯಾಗದ ಬೋಧೆ. ಹೈಡಲ್‌ಬರ್ಗಿನಲ್ಲಿ ಅದೇ ಮಾತು ಸಾಂತ್ವನವಾಗಿದೆ. ಜಿನೀವದ ಪ್ರಶ್ನೋತ್ತರ ಮಾನವಜೀವನದ ಪರಮೋದ್ದೇಶವೇನೆಂಬ ವಿಚಾರದಿಂದ ಆರಂಭವಾದರೆ ಇದು ಕಳವಳಗೊಂಡ ಒಬ್ಬ ವ್ಯಕ್ತಿಯಿಂದ ಆರಂಭವಾಗುತ್ತದೆ. ಎರಡರಲ್ಲಿ ಎರಡನೆಯದೇ ಹೆಚ್ಚು ಮಾನವೀಯವೆಂದು ಹೇಳಲು ನಾವು ಹಿಂಜರಿಯುವುದಿಲ್ಲ.

ಇಲ್ಲಿ ಎರಡು ಶಬ್ದಗಳನ್ನು ಕುರಿತು ವಿಚಾರ ಮಾಡಬೇಕು. ‘ಟ್ರೋಸ್ಟ್’ ಎಂಬ ಜರ್ಮನ್ ಶಬ್ದಕ್ಕೆ ಇಂದು ಸಮಾಧಾನವೆಂಬ ಅರ್ಥವಷ್ಟೇ ಪ್ರಧಾನ. ಆ ಶತಮಾನದಲ್ಲಿ ಅದಕ್ಕೆ ಭರವಸೆ, ಆಸರೆ ಎಂಬ ಅರ್ಥವೂ ಇತ್ತು. ನಂಬುಗೆಯನ್ನು ಸೂಚಿಸುವ ಇಂಗ್ಲಿಷಿನ ‘ಟ್ರಸ್ಟ್’ ಅದರ ಸೋದರ ಶಬ್ದ. ಎರಡನೆಯದು ‘ಐಗೆನ್’, ಎಂದರೆ ಸ್ವಂತದ್ದು, ಒಬ್ಬರ ಸ್ವತ್ತು. ಇದೇ ಶಬ್ದದಿಂದ ‘ಲೈಬ್‌ಐಗೆನ್‌ಶಾಫ್ಟ್’ ಎಂಬ ಕಾನೂನಿನ ಪದ ಹುಟ್ಟಿದೆ. ದೇಹವೇ ಒಡೆಯನ ಸ್ವತ್ತಾಗಿರುವ ಸ್ಥಿತಿ, ಅಂದರೆ ಜೀತ, ಎಂದು ಅದರ ಅರ್ಥ. ಇಂಥ ರೈತನು ಸತ್ತಾಗ ಅವನ ಕೊಟ್ಟಿಗೆಯ ಅತ್ಯುತ್ತಮ ಪಶುವನ್ನು ಒಡೆಯನು ಎಳೆದುಕೊಂಡು ಹೋಗುವ ಪದ್ಧತಿ ಜರ್ಮನಿಯ ಹಲವೆಡೆ ಇತ್ತು. ಬದುಕಿನಲ್ಲಿಯೂ ಸಾವಿನಲ್ಲಿಯೂ ತಾನು ಯಾರ ಸೊತ್ತೆಂಬ ಪ್ರಶ್ನೆ ಅಂಥವನಿಗೆ ಅಲಂಕಾರದ ಮಾತಾಗಿರಲಾರದು. ದೇವರನ್ನು ಒಡೆಯನೆಂದೂ ತನ್ನನ್ನು ಆಳೆಂದೂ ಕರೆದುಕೊಳ್ಳುವ ಭಕ್ತಿವಾಣಿಯನ್ನು ಬಾಲ್ಯದಿಂದಲೂ ಕೇಳಿದ ನಮಗೆ ಈ ಶಬ್ದದ ಒರಟುತನ ಬೇಗ ಹೊಳೆಯುವುದಿಲ್ಲ.

೧೫೨೫ರ ರೈತ ದಂಗೆಯಲ್ಲಿ ಈ ಮಾತಿನ ಇನ್ನೊಂದು ಮುಖವನ್ನು ಕಾಣುತ್ತೇವೆ. ಆ ವರ್ಷ ಮೆಮ್ಮಿಂಗೆನ್ ನಗರದಲ್ಲಿ ರೈತರು ಹೊರಡಿಸಿದ ಹನ್ನೆರಡು ಬೇಡಿಕೆಗಳಲ್ಲಿ ಮೂರನೆಯದು ಜೀತವನ್ನು ಕುರಿತದ್ದು. ಹನ್ನೊಂದನೆಯದು ಸಾವಿನ ತೆರಿಗೆಯನ್ನು ಕುರಿತದ್ದು. ಕ್ರಿಸ್ತನು ರಕ್ತ ತೆತ್ತು ಎಲ್ಲರನ್ನೂ ಬಿಡಿಸಿಕೊಂಡಿರುವಾಗ ಬೇರೊಬ್ಬನು ತಮ್ಮನ್ನು ಸ್ವತ್ತೆಂದು ಹಿಡಿದಿರುವುದು ಸಲ್ಲದೆಂಬುದೇ ಅವರ ವಾದ. ಲೂಥರನು ಇದನ್ನು ಒಪ್ಪಲಿಲ್ಲ. ಆತ್ಮದ ಸ್ವಾತಂತ್ರ್ಯವನ್ನು ದೇಹಕ್ಕೆ ಅನ್ವಯಿಸುತ್ತಿದ್ದಾರೆಂದು ಆಕ್ಷೇಪಿಸಿದನು. ಅದೇ ವರ್ಷದ ಜೂನ್ ತಿಂಗಳಲ್ಲಿ ಪಾಲಟಿನೇಟಿನ ದೊರೆಯ ಸೈನ್ಯ ಫೆಡರ್ಸ್‌ಹೈಮ್ ಎಂಬಲ್ಲಿ ರೈತರನ್ನು ಸದೆಬಡಿಯಿತು. ಅದಾದ ೩೮ ವರ್ಷಗಳ ಮೇಲೆ ಅದೇ ನಾಡಿನಲ್ಲಿ, ದೊರೆಯ ಆಜ್ಞೆಯಿಂದಲೇ, ದೇಹವೂ ಕ್ರಿಸ್ತನದೆಂಬ ಉತ್ತರವನ್ನು ಮಕ್ಕಳು ಬಾಯಿಪಾಠ ಮಾಡಿದರು. ಉರ್ಸೀನಸ್ ರೈತರ ಬೇಡಿಕೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದನೆಂದು ನಾವು ಹೇಳುತ್ತಿಲ್ಲ, ಅದಕ್ಕೆ ಆಧಾರವಿಲ್ಲ. ಲೂಥರನು ಆತ್ಮಕ್ಕೆ ಸೀಮಿತಗೊಳಿಸಿದ್ದ ಮಾತಿನಲ್ಲಿ ದೇಹ ಮತ್ತೆ ಬಂದು ಸೇರಿತೆಂಬುದಷ್ಟೇ ನಮ್ಮ ಗಮನಕ್ಕೆ ಬಂದ ಸಂಗತಿ.

ಹಾಗಾದರೆ ಇದು ಪ್ರಜೆಗಳನ್ನು ವಿಧೇಯರಾಗಿಸಲು ದೊರೆ ಹೂಡಿದ ಉಪಾಯವೇ? ಕೆಲವು ಇತಿಹಾಸಕಾರರ ಒಲವು ಆ ಕಡೆಗೆ ಇದೆ. ೧೫೫೫ರ ಆಗ್ಸ್‌ಬರ್ಗ್ ಒಪ್ಪಂದದಂತೆ ಪ್ರಜೆಗಳ ಮತವನ್ನು ನಿರ್ಧರಿಸುವ ಅಧಿಕಾರ ಆಯಾ ದೊರೆಗೆ ಸೇರಿದ್ದಿತು ನಿಜ. ಆದರೆ ಆ ಒಪ್ಪಂದ ಮನ್ನಿಸಿದ್ದು ಕ್ಯಾಥೊಲಿಕ್, ಲೂಥರನ್ ಎಂಬ ಎರಡು ಪಂಗಡಗಳನ್ನು ಮಾತ್ರ. ಆದುದರಿಂದ ಈ ಗ್ರಂಥ ಮೊದಲು ಆಪತ್ತಿಗೆ ದೂಡಿದ್ದು ಫ್ರೆಡರಿಕ್‌ನನ್ನೇ. ೧೫೬೬ರಲ್ಲಿ ಚಕ್ರವರ್ತಿ ಎರಡನೆಯ ಮ್ಯಾಕ್ಸಿಮಿಲಿಯನ್‌ನ ಸಭೆಯಲ್ಲಿ ನಿಂತು, ಮನಸ್ಸಾಕ್ಷಿಯ ವಿಷಯದಲ್ಲಿ ತನಗೆ ಒಬ್ಬನೇ ಒಡೆಯನೆಂದು ಅವನು ಸಮರ್ಥಿಸಿಕೊಂಡನು. ತನ್ನ ಪ್ರಶ್ನೋತ್ತರಮಾಲೆಯ ಮೊದಲ ಉತ್ತರವನ್ನು ಅವನು ನಿಜವಾಗಿ ನಂಬಿದ್ದನೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಸಂದೇಹವಿರುವುದು ಆ ಉತ್ತರವನ್ನು ಅವನು ಇತರರಿಗೂ ಬಿಟ್ಟುಕೊಟ್ಟನೇ ಎಂಬುದರಲ್ಲಿ. ಗ್ರಂಥದ ಎರಡನೆಯ ಮುದ್ರಣದಲ್ಲಿ ಕ್ಯಾಥೊಲಿಕರ ಪೂಜಾವಿಧಿಯನ್ನು ಖಂಡಿಸುವ ೮೦ನೆಯ ಪ್ರಶ್ನೆ ಸೇರಿಕೊಂಡಿತು. ಮೂರನೆಯದರಲ್ಲಿ ಅದು ಇನ್ನಷ್ಟು ಕಟುವಾಯಿತು. ಸಾಂತ್ವನದ ಗ್ರಂಥದಲ್ಲಿ ಅದು ಕಲೆಯಂತೆ ಉಳಿದಿದೆ. ಇದಕ್ಕಿಂತ ಘೋರವಾದುದು ೧೫೭೨ರಲ್ಲಿ ನಡೆಯಿತು. ತ್ರ್ಯೇಕತ್ವದ ಸಿದ್ಧಾಂತವನ್ನು ಅಲ್ಲಗಳೆದ ಯೋಹಾನ್ ಸಿಲ್ವಾನನೆಂಬ ಪಾದ್ರಿಯನ್ನು ಇದೇ ದೊರೆಯ ತೀರ್ಪಿನಂತೆ ಹೈಡಲ್‌ಬರ್ಗಿನಲ್ಲಿ ಶಿರಚ್ಛೇದ ಮಾಡಲಾಯಿತು. ಚಕ್ರವರ್ತಿಯ ಮುಂದೆ ತನಗೆ ಬೇಡಿದ್ದನ್ನು ದೊರೆ ತನ್ನ ಪಾದ್ರಿಗೆ ಕೊಡಲಿಲ್ಲ. ಆ ಕಾಲದ ರೀತಿಯೇ ಹಾಗಿತ್ತೆಂದು ಸಮಾಧಾನ ಹೇಳುವವರಿದ್ದಾರೆ. ಆದರೆ ಮನುಷ್ಯನು ಮನುಷ್ಯನ ಸ್ವತ್ತಲ್ಲವೆಂಬ ಮಾತು ಬೇರೆ ಕಾಲದಿಂದ ನಾವು ತಂದ ಅಳತೆಗೋಲಲ್ಲ. ಅದು ಅವರ ಗ್ರಂಥದ ಮೊದಲ ಉತ್ತರದಿಂದಲೇ ಹೊರಡುವ ಮಾತು.

೧೫೭೬ರಲ್ಲಿ ಫ್ರೆಡರಿಕ್ ತೀರಿಕೊಂಡನು. ಪಟ್ಟಕ್ಕೆ ಬಂದ ಹಿರಿಯ ಮಗ ಆರನೆಯ ಲೂಡ್ವಿಗ್ ಲೂಥರನ್ ಪಂಗಡದವನು. ಪ್ರಶ್ನೋತ್ತರಮಾಲೆಯ ಪಕ್ಷದ ನೂರಾರು ಪಾದ್ರಿಗಳೂ ಉಪಾಧ್ಯಾಯರೂ ಕೆಲಸ ಕಳೆದುಕೊಂಡರು. ಅದುವರೆಗೆ ದೊರೆಯ ಮತವೂ ತಮ್ಮ ಮತವೂ ಒಂದೇ ಆಗಿದ್ದುದರಿಂದ ತಾವು ಯಾರಿಗೆ ಸೇರಿದವರೆಂಬ ಪ್ರಶ್ನೆಗೆ ಬಾಯಿಪಾಠದ ಉತ್ತರ ಅವರಿಗೆ ಸಾಕಾಗಿತ್ತು. ಈಗ ಅದಕ್ಕೆ ಬೆಲೆ ತೆರಬೇಕಾಯಿತು. ಉರ್ಸೀನಸ್‌ನೂ ಹೈಡಲ್‌ಬರ್ಗನ್ನು ಬಿಟ್ಟು ನೋಯ್‌ಷ್ಟಾಟ್ ಎಂಬ ಊರನ್ನು ಸೇರಿ, ೧೫೮೩ರಲ್ಲಿ ಸಾಯುವವರೆಗೆ ಅಲ್ಲಿಯೇ ಪಾಠ ಹೇಳಿದನು. ಆ ವಿದ್ಯಾಶಾಲೆಯನ್ನು ಸ್ಥಾಪಿಸಿ ಅವನಿಗೆ ಆಶ್ರಯವಿತ್ತವನು ಫ್ರೆಡರಿಕ್‌ನ ಕಿರಿಯ ಮಗ, ರಾಜಕುಮಾರ ಯೋಹಾನ್ ಕಾಸಿಮಿರ್.