ಒಣನಾಡಿನ ನಕಾಶೆ: ಎರಡು ಬಗೆಯ ರೇಖೆಗಳು

ಅಮೆರಿಕದ ಪಶ್ಚಿಮದ ದನಗಾವಲು ಸೀಮೆಯ ಹಳೆಯ ಭೂಲಕ್ಷಣ ನಕಾಶೆಗಳನ್ನು ಕೇವಲ ಮಾಹಿತಿಯ ಹಾಳೆಗಳೆಂದು ಭಾವಿಸುವುದು ವಾಡಿಕೆ. ಆದರೆ ಅವುಗಳಲ್ಲಿ ಪರಸ್ಪರ ಒಗ್ಗದ ಎರಡು ಬಗೆಯ ರೇಖೆಗಳಿವೆ ಎಂಬುದನ್ನು ಗಮನಿಸಬೇಕು. ಕಂದು ಬಣ್ಣದ ಸಮೋನ್ನತಿ ರೇಖೆಗಳು ನೆಲದ ಏರಿಳಿತವನ್ನು ಅನುಸರಿಸುತ್ತವೆ. ನೀಲಿ ತುಂಡುಗೆರೆಗಳು ವರ್ಷದಲ್ಲಿ ಕೆಲಕಾಲ ಮಾತ್ರ ಹರಿಯುವ ಹಳ್ಳಗಳನ್ನು ತೋರಿಸುತ್ತವೆ. ಸರ್ವೆಯಾದ ಕಡೆಗಳಲ್ಲಿ ಇವುಗಳ ಮೇಲೆ ಹಾಯುವ ನೇರಗೆರೆಗಳಾದರೋ ಬೆಟ್ಟ ಕಣಿವೆಗಳನ್ನು ಲೆಕ್ಕಿಸದೆ ಭೂಮಿಯನ್ನು 640 ಎಕರೆಗಳ ಚೌಕಗಳಾಗಿ ವಿಭಜಿಸುತ್ತವೆ.

ಈ ವಿರೋಧ ಬರಿಯ ಚಿತ್ರಣದ್ದಲ್ಲ. 1862ರ ಹೋಮ್‌ಸ್ಟೆಡ್ ಕಾಯಿದೆಯು ನಿಗದಿಪಡಿಸಿದ 160 ಎಕರೆಯಲ್ಲಿ, ಮಳೆ ಕಡಿಮೆಯಿರುವ ಹುಲ್ಲುನೆಲವನ್ನೇ ನಂಬಿ ದನ ಸಾಕುವ ಕುಟುಂಬ ಬದುಕಲಾರದು. ಜಾನ್ ವೆಸ್ಲಿ ಪೊವೆಲ್ ಅವರು 1878ರ ವರದಿಯಲ್ಲಿ 2,560 ಎಕರೆಗಳ ಮೇವಿನ ಹಿಡುವಳಿಗಳನ್ನೂ, ಪ್ರತಿಯೊಂದಕ್ಕೂ ನೀರು ದೊರೆಯುವಂತೆ ನೆಲದ ಸ್ವರೂಪಕ್ಕೆ ಹೊಂದುವ ಗಡಿಗಳನ್ನೂ ಸೂಚಿಸಿದ್ದರು. ಸಂಸತ್ತು ಅದನ್ನು ಒಪ್ಪಲಿಲ್ಲ. 1916ರ ಕಾಯಿದೆಯೂ 640 ಎಕರೆಗೇ ನಿಂತಿತು. ಪರಿಣಾಮವಾಗಿ, ಒರತೆಯಿರುವ ಚೌಕವನ್ನು ಪಡೆದವನಿಗೆ ಸುತ್ತಲಿನ ನೀರಿಲ್ಲದ ಮೇವುನೆಲದ ಮೇಲೂ ಯಜಮಾನಿಕೆ ದಕ್ಕಿತು.

ಇದೇ ಪೊವೆಲ್ 1881ರಿಂದ 1894ರವರೆಗೆ ಈ ನಕಾಶೆಗಳನ್ನು ಸಿದ್ಧಪಡಿಸಿದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದರು. ಅವರ ಸೂಚನೆ ಕಾನೂನಾಗಲಿಲ್ಲ. ಆದರೂ ಅದಕ್ಕೆ ಆಧಾರವಾದ ನೆಲದ ವಾಸ್ತವ ಕಂದು ಮತ್ತು ನೀಲಿ ರೇಖೆಗಳಲ್ಲಿ ಉಳಿದಿದೆ. ಒಡೆತನದ ಚೌಕಗಳನ್ನಷ್ಟೇ ನೋಡುವ ಓದಿಗೆ ಅದು ಕಾಣಿಸದು.