ರಾಧೆಯ ಮಗನ ಕಥೆಯನ್ನು ಮಕ್ಕಳಿಗೆ ಹೇಳುವಾಗ

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಮಹಾಭಾರತವು ಪುಸ್ತಕಕ್ಕಿಂತ ಮೊದಲು ತಾಳಮದ್ದಳೆಯ ಮೂಲಕವೇ ಮಕ್ಕಳ ಕಿವಿಗೆ ಬೀಳುವುದುಂಟು. ಅಂಥ ಪ್ರಸಂಗಗಳಲ್ಲಿ ‘ಕರ್ಣಭೇದನ’ವು ಬಹು ಜನಪ್ರಿಯವಾದುದು. ಸಂಧಾನ ಮುರಿದ ಬಳಿಕ ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸಿ ಪಾಂಡವರ ಪಕ್ಷಕ್ಕೆ ಕರೆಯುವ ಸಂದರ್ಭವದು. ಅರ್ಥಗಾರಿಕೆಯ ಸೊಬಗಿಗೆ ತಲೆದೂಗುತ್ತಲೇ ಒಂದು ಆಕ್ಷೇಪವನ್ನು ಎತ್ತಬೇಕಾಗಿದೆ. ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ನಾವು, ‘ಪಾಪ, ಕ್ಷತ್ರಿಯನಾಗಿ ಹುಟ್ಟಿಯೂ ಸೂತನ ಮನೆಯಲ್ಲಿ ಬೆಳೆಯಬೇಕಾಯಿತು’ ಎಂದು ಮರುಗುತ್ತೇವೆ. ಕೇಳುವ ಮಕ್ಕಳ ನಡುವೆ ದತ್ತುಮಗುವೊಂದಿದ್ದರೆ, ತನ್ನ ಮನೆಯೇ ತನ್ನ ದುರದೃಷ್ಟವೆಂದು ಅದು ಭಾವಿಸದೆ?

ಮೂಲಕಾವ್ಯವು ಹಾಗೆ ಹೇಳುವುದಿಲ್ಲ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕರ್ಣನು ರಾಜ್ಯವನ್ನು ನಿರಾಕರಿಸುವಾಗ, ದುರ್ಯೋಧನನ ಋಣಕ್ಕೂ ಮೊದಲು ನೆನೆಯುವುದು ಸಾಕಿದವರನ್ನು. ತನ್ನ ಮೇಲಣ ಮಮತೆಯಿಂದ ರಾಧೆಯ ಎದೆಯಲ್ಲಿ ಹಾಲು ಒಸರಿತು, ತನ್ನ ಮಲಮೂತ್ರಗಳನ್ನು ಅವಳು ಬಳಿದಳು, ಅಧಿರಥನು ಜಾತಕರ್ಮವನ್ನು ಮಾಡಿಸಿದನು. ಅಂಥವಳಿಗೆ ಸಲ್ಲಬೇಕಾದ ಪಿಂಡವನ್ನು ತಪ್ಪಿಸುವುದೆಂತು ಎಂಬುದು ಅವನ ಪ್ರಶ್ನೆ. ‘ರಾಧೇಯ’ ಎಂಬ ಹೆಸರು ಕೊರತೆಯ ಗುರುತಲ್ಲ. ಸಾಕಿದ ತಾಯಿಗೆ ಸಂದ ಗೌರವ.

ಹಾಗಾದರೆ ಕರ್ಣನ ದುಃಖದ ಬೇರು ಎಲ್ಲಿದೆ? ಒಂದು, ಜಾತಿ ಹಿಡಿದು ಹಂಗಿಸಿದ ಸಭಿಕರ ನಾಲಗೆಯಲ್ಲಿ. ಇನ್ನೊಂದನ್ನು ಕುಮಾರವ್ಯಾಸನು ತೋರಿಸುತ್ತಾನೆ. ಅವನ ಕಾವ್ಯದಲ್ಲಿ ಸತ್ಯವು ಯುದ್ಧದ ಹೊಸ್ತಿಲಲ್ಲಿ, ಕಾರ್ಯಸಾಧನೆಗೆಂದು ಬಂದ ಕೃಷ್ಣನ ಬಾಯಿಂದ ಹೊರಡುತ್ತದೆ. ಕರ್ಣನ ಕೊರಳುಬ್ಬಿ ಕಣ್ಣೀರು ಹರಿಯುತ್ತದೆ. ಅವನನ್ನು ಕೊಂದದ್ದು ಸಾಕಿದ ಮನೆಯಲ್ಲ, ಮುಚ್ಚಿಟ್ಟು ಹೊತ್ತು ಮೀರಿ ಆಡಿದ ಮಾತು.

ಇದರ ಪಕ್ಕದಲ್ಲಿ ಛಾಂದೋಗ್ಯೋಪನಿಷತ್ತಿನ ಸತ್ಯಕಾಮನನ್ನು ಇಟ್ಟು ನೋಡಬೇಕು. ಗುರುವಿನ ಬಳಿಗೆ ಹೊರಟ ಬಾಲಕನು ಗೋತ್ರವನ್ನು ಕೇಳಿದಾಗ, ಅದು ತನಗೆ ತಿಳಿಯದೆಂದು ತಾಯಿ ಜಬಾಲೆ ಮರೆಮಾಚದೆ ಹೇಳಿ, ತನ್ನ ಹೆಸರನ್ನೇ ಕೊಟ್ಟು ಕಳುಹಿಸಿದಳು. ಮಗನು ಗೌತಮನ ಮುಂದೆ ತಲೆಯೆತ್ತಿ ಅದನ್ನೇ ನುಡಿದನು. ಗುರುವು ಅವನನ್ನು ಸ್ವೀಕರಿಸಿದನು. ಸತ್ಯವು ಸಕಾಲದಲ್ಲಿ, ತಾಯಿಯ ಬಾಯಿಂದ ಬಂದುದರ ಫಲವಿದು.

ದತ್ತುಮಗುವಿಗೆ ಅದರ ಕಥೆಯನ್ನು ಹೇಳಬೇಕಾದವರು ಸಾಕಿದವರೇ; ಅದೂ ಎಳವೆಯಲ್ಲೇ, ಊಟದ ಹೊತ್ತಿನ ಮಾತಿನಷ್ಟು ಸಹಜವಾಗಿ. ಉಳಿದ ಮಕ್ಕಳಿಗೆ, ಅಜ್ಜಿ ಸಾಕಿದ ಮನೆ, ತಾಯಿಯೊಬ್ಬಳೇ ನಡೆಸುವ ಮನೆ, ದತ್ತು ಪಡೆದ ಮನೆ ಎಲ್ಲವೂ ಮನೆಗಳೇ ಎಂದು ಕಲಿಸುವ ಹೊಣೆ ನಮ್ಮೆಲ್ಲರದು. ನಮ್ಮ ಅರ್ಥಧಾರಿಗಳು ಮುಂದಿನ ಕೂಟದಲ್ಲಿ ಕರ್ಣನ ಬಾಯಿಂದ ರಾಧೆಯ ಕುರಿತು ನಾಲ್ಕು ಮಾತು ಹೆಚ್ಚು ಆಡಿಸಲಿ. ಎದುರು ಕುಳಿತ ಯಾವುದೋ ಮಗುವಿಗೆ ಅವು ಬೇಕಾಗಿರಬಹುದು.