ಅಂಕಲ್ ಅಂದ್ರ ಯಾರು?

ನಮ್ಮ ಸೋದರಮಾವ ತೀರಿಕೊಂಡಾಗ ಚಂದ್ರಂಪಳ್ಳಿಗೆ ಹೋಗಲು ಆಫೀಸಿನ ಸಾಫ್ಟ್‌ವೇರಿನಲ್ಲಿ ರಜೆ ಹಾಕಿದೆ. ‘ಸಂಬಂಧ’ ಅನ್ನೋ ಕಡೆ ‘ಅಂಕಲ್’ ಅಂತ ಒತ್ತಿದ ಕೂಡಲೇ ಅರ್ಜಿ ವಾಪಸ್ ಬಂತು. ಅಂಕಲ್ ಹತ್ತಿರದ ಸಂಬಂಧ ಅಲ್ಲವಂತೆ! ನನ್ನ ಜವಳ ತೆಗೆಸುವಾಗ ತೊಡಿ ಮ್ಯಾಲೆ ಕುಂದ್ರಿಸಿಕೊಂಡವರು ಅವರು.

ತಮಾಷೆ ಅಂದ್ರ, ಈ ಶಬ್ದ ಹುಟ್ಟಿದ್ದೇ ಸೋದರಮಾವನ ಸಲುವಾಗಿ. ಲ್ಯಾಟಿನ್ನಿನ ‘ಅವುಂಕುಲುಸ್’ ಅಂದ್ರ ತಾಯಿಯ ಅಣ್ಣ ಅಥವಾ ತಮ್ಮ, ಅಷ್ಟೇ. ‘ಅವುಸ್’ ಅಂದ್ರ ಅಜ್ಜ. ಅದರಿಂದ ಬಂದದ್ದು, ‘ಸಣ್ಣಜ್ಜ’ ಅಂದಂಗ. ತಂದೆಯ ಕಡೆಯವನಿಗೆ ‘ಪಾತ್ರುವುಸ್’ ಅಂತ ಬ್ಯಾರೆನೇ ಶಬ್ದ ಇತ್ತು. ಹಳೇ ಇಂಗ್ಲಿಷಿನಲ್ಲೂ ಇಬ್ಬರಿಗೂ ಬೇರೆಬೇರೆ ಹೆಸರಿದ್ದವು. ಫ್ರೆಂಚಿನಿಂದ ‘ಅಂಕಲ್’ ಬಂದು ಎರಡನ್ನೂ ನುಂಗಿತು. ಈಗ ಬೆಂಗಳೂರಿನಲ್ಲಿ ಆಟೋದವರೂ ಅಂಕಲ್, ಮೇಲಿನ ಮನೆಯವರೂ ಅಂಕಲ್.

ನಮ್ಮ ಕಡೆ ಹಂಗಲ್ಲ. ಅಪ್ಪನ ತಮ್ಮ ಕಾಕಾ, ಅವ್ವನ ತಮ್ಮ ಮಾವ. ತೆಲಂಗಾಣ ಗಡಿ ಹತ್ತಿರ ಇರೋದರಿಂದ ತೆಲುಗಿನ ‘ಮೇನಮಾಮ’ನೂ ಕಿವಿಗೆ ಬೀಳ್ತಾನ, ಉರ್ದುದವರ ಮನ್ಯಾಗ ‘ಚಾಚಾ’, ‘ಮಾಮೂ’ ಬ್ಯಾರೆಬ್ಯಾರೆನೇ. ಇಂಗ್ಲಿಷ್-ಕನ್ನಡ ನಿಘಂಟುಗಳ ಮ್ಯಾಲೆ ನನ್ನ ತಕರಾರು ಇಷ್ಟೇ: ‘ದೊಡ್ಡಪ್ಪ, ಚಿಕ್ಕಪ್ಪ, ಮಾವ’ ಅಂತ ನಡುವೆ ಅಲ್ಪವಿರಾಮ ಹಾಕಿ ಮುಗಿಸಿಬಿಡ್ತಾರೆ, ಒಬ್ಬನಿಗೇ ಮೂರು ಹೆಸರು ಇದ್ದಂಗ. ಇವರಲ್ಲಿ ಇಬ್ಬರು ‘ಅಪ್ಪ’ಂದಿರು, ಮೂರನೆಯವ ಅಲ್ಲ. ಈ ವ್ಯತ್ಯಾಸವನ್ನ ಅಮೆರಿಕದ ಮಾರ್ಗನ್ 1871ರಲ್ಲೇ ತಮಿಳು, ತೆಲುಗು, ಕನ್ನಡದ ಸಂಬಂಧವಾಚಕಗಳನ್ನ ಪಟ್ಟಿ ಮಾಡಿ ತೋರಿಸಿದ್ದ. ನಿಘಂಟಿನವರು ಒಂದು ಸಾಲು ವಿವರಣೆ ಕೊಟ್ಟಿದ್ದರೆ ಸಾಕಿತ್ತು.

ಕಾಯ್ದೆಯೊಳಗೂ ಇದೇ ಗೊಂದಲ. 1955ರ ಹಿಂದೂ ವಿವಾಹ ಕಾಯ್ದೆ ‘ಅಂಕಲ್ ಮತ್ತು ನೀಸ್’ ನಡುವಿನ ಮದುವೆಯನ್ನ ನಿಷೇಧಿತ ಸಂಬಂಧಗಳ ಸಾಲಿಗೆ ಸೇರಿಸಿ, ರೂಢಿಯಲ್ಲಿದ್ದರೆ ವಿನಾಯಿತಿ ಅನ್ನುತ್ತದೆ. ಯಾವ ಅಂಕಲ್? ಕಾಕಾನ ಜೋಡಿ ಲಗ್ನ ಅಂದ್ರ ನಮ್ಮೂರಾಗ ಕಿವಿ ಮುಚ್ಚಿಕೋತಾರ. ಸೋದರಮಾವನಿಗೆ ಅಕ್ಕನ ಮಗಳನ್ನ ಕೊಡೋದು ಮಾತ್ರ ಎಷ್ಟೋ ಮನೆತನಗಳಾಗ ನಡೆದುಬಂದದ್ದು. (ಅದು ಒಳ್ಳೇದು ಅಂತ ನಾ ಹೇಳಲ್ಲ, ಹುಟ್ಟೋ ಮಕ್ಕಳ ಬಗ್ಗೆ ಡಾಕ್ಟರು ಹೇಳೋದನ್ನ ಕೇಳಬೇಕು.) ಕಾಯ್ದೆಯ ಆ ಒಂದು ಶಬ್ದ ಇಬ್ಬರನ್ನೂ ಒಂದೇ ಬುಟ್ಟಿಗೆ ಹಾಕ್ತದ, ಬೇರೆ ಮಾಡೋದು ರೂಢಿಯ ಪಾಲಿಗೆ.

ರಜೆ ವಿಷಯ ಹೇಳಿ ಮುಗಿಸ್ತೀನಿ. ಎರಡನೇ ಸಲ ಷರಾ ಜಾಗದಲ್ಲಿ ಬರೀ ‘ಮಾವ’ ಅಂತ ಬರೆದೆ. ಎಚ್‌ಆರ್ ಹುಡುಗ ಫೋನ್ ಮಾಡಿದ: “ಸರ್, ಮಾವ ಅಂದ್ರೆ ಫಾದರ್-ಇನ್-ಲಾ ಅಲ್ವಾ? ಅವರು ಲಿಸ್ಟಲ್ಲಿ ಇದ್ದಾರೆ. ಆದ್ರೆ ನಿಮಗಿನ್ನೂ ಮದುವೆ ಆಗಿಲ್ವಲ್ಲ?” ಮಾವನ ಮಗಳನ್ನ ಲಗ್ನ ಆಗಿದ್ದರೆ ಅದೇ ಮನುಷ್ಯನಿಗೆ ಮೂರು ದಿನ ರಜೆ ಸಿಗ್ತಿತ್ತು. ಸಂಬಳ ಕಟ್ ಮಾಡ್ರಿ ಅಂದು ರಾತ್ರಿ ಬಸ್ಸು ಹತ್ತಿದೆ.